ಗಲ್ಫಿಗೆ ಹೋಗುವವರು ಲಂಚವನ್ನೂ ಕಟ್ಟಿಕೊಂಡು ಹೋಗುತ್ತಾರಾ?

ಪ್ರಶ್ನೆ: ಮಾಷ್ಟ್ರೇ, ಲಂಚ ಕೊಟ್ಟು ಅಭ್ಯಾಸವಾದ ದೇಶದವರು ಜಾಸ್ತಿ ಬಂದರೆ, ಬಂದ ಕಡೆಯೂ ಲಂಚ ಹೆಚ್ಚುತ್ತದಂತೆ. ನಿಜವಾ?

ಇದನ್ನು ಎಷ್ಟನೇ ಸಲ ಕೇಳುತ್ತಿದ್ದೀರೋ! ಅದೂ ಕಾಸರಗೋಡಿನ ಕುಂಬಳೆ, ಉಪ್ಪಳದವರು. ಗಲ್ಫಿನಲ್ಲಿರುವ ನಿಮ್ಮ ಅಣ್ಣನನ್ನೇ ಕೇಳಬಹುದಿತ್ತು, ಅಲ್ವಾ?

ಯುಎಇಯಲ್ಲಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರು. ನಿಮ್ಮ ಮಾತು ನಿಜವಾಗಿದ್ದರೆ ಅಲ್ಲಿ ಕೈ ಬಿಸಿ ಮಾಡದೆ ಒಂದು ಕಾಗದವೂ ಅಲುಗಬಾರದು. ದೇಶಗಳ ಭ್ರಷ್ಟಾಚಾರ ಅಳೆಯುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ 2024ರ ಪಟ್ಟಿಯಲ್ಲಿ (ಮೇಲಿದ್ದಷ್ಟೂ ಲಂಚ ಕಡಿಮೆ) ಅದಕ್ಕೆ 23ನೇ ಸ್ಥಾನ. ನಮಗೆ 96. ಆ ಪಟ್ಟಿ ತಜ್ಞರ ಮತ್ತು ವ್ಯಾಪಾರಸ್ಥರ ಅಭಿಪ್ರಾಯ ಮಾತ್ರ, ಒಪ್ಪಿದೆ. ಆದರೂ ಅಂತರ ನೋಡಿ.

ನನ್ನ ಹಳೇ ಶಿಷ್ಯನೊಬ್ಬ ಊರಲ್ಲಿ ಲೈಸೆನ್ಸ್ ಮಾಡಿಸುವಾಗ ಅರ್ಜಿಯೊಳಗೆ ಐನೂರರ ನೋಟು ಮಡಚಿಟ್ಟವನು. ದುಬೈಯಲ್ಲಿ ಡ್ರೈವಿಂಗ್ ಪರೀಕ್ಷೆಯಲ್ಲಿ ಐದು ಸಲ ಫೇಲಾದ. ಪ್ರತಿ ಸಲ ಮತ್ತೆ ಕ್ಲಾಸಿಗೆ ದುಡ್ಡು ಕಟ್ಟಿದ. ಆರನೇ ಸಲ ಪಾಸು. "ಅಲ್ಲಿ ನೋಟು ಮಡಚಲಿಲ್ವಾ?" ಎಂದೆ. "ಜೈಲು ತೋರಿಸಿ, ಆಮೇಲೆ ವಿಮಾನ ಹತ್ತಿಸ್ತಾರೆ ಮಾಷ್ಟ್ರೇ" ಎಂದ. ಹುಡುಗ ಅದೇ, ಜೇಬೂ ಅದೇ.

ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ರಾಜತಾಂತ್ರಿಕರು ಎಲ್ಲೆಂದರಲ್ಲಿ ಕಾರು ನಿಲ್ಲಿಸಿ ದಂಡ ಕಟ್ಟದೆ ಓಡಾಡುತ್ತಿದ್ದರು. ಫಿಸ್ಮನ್, ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಲಂಚ ಹೆಚ್ಚಿರುವ ದೇಶದವರ ಬಾಕಿಯೇ ಜಾಸ್ತಿ! "ನೋಡಿ, ನಾವು ಹೇಳಿದ್ದೇ" ಎನ್ನುತ್ತೀರಿ. ಸ್ವಲ್ಪ ತಡೀರಿ. ಆ ಬಾಕಿ ಪಟ್ಟಿಯಲ್ಲಿ ಮೊದಲಿದ್ದದ್ದು ಕುವೈತ್, ನಮ್ಮವರು ದುಡಿಯಲು ಹೋಗುವ ದೇಶ. 2002ರಲ್ಲಿ ನಗರಾಡಳಿತದವರು ಬಾಕಿದಾರರ ಕಾರಿನ ವಿಶೇಷ ನಂಬರ್ ಪ್ಲೇಟ್ ಕಿತ್ತುಕೊಳ್ಳಲು ಶುರು ಮಾಡಿದರು. ದಂಡ ಕಟ್ಟದ ಪ್ರಕರಣಗಳು ಸುಮಾರು ಶೇ 98ರಷ್ಟು ಇಳಿದವು. ಅವರ ಊರಿನ ಗುಣ ಅಷ್ಟು ಬೇಗ ಎಲ್ಲಿ ಹೋಯಿತು?

ಲಂಚದ ದೇಶಗಳಿಂದ ಬಂದವರಿಂದ ಸ್ವಲ್ಪ ಪರಿಣಾಮವಿದೆ ಎಂದು ಬರೆದ ಸಂಶೋಧಕರೂ ಇದ್ದಾರೆ, ಇಲ್ಲವೆಂದವರೂ ಇದ್ದಾರೆ. ಆ ಜಗಳ ಅವರಿಗಿರಲಿ.

ನೀವು ಕೇಳದ ಇನ್ನೊಂದು ಮಾತಿದೆ. 'ಫ್ರೀ ವೀಸಾ' ಅಂತಾರಲ್ಲ, ಅದರಲ್ಲಿ ಫ್ರೀ ಏನಿದೆ? ಅಲ್ಲಿನ ಪ್ರಾಯೋಜಕ, ಅಂದರೆ ತನ್ನ ಹೆಸರಲ್ಲಿ ವೀಸಾ ಮಾಡಿಸಿಕೊಡುವವನು, ಕೆಲಸವೇ ಇಲ್ಲದ ವೀಸಾ ಮಾರುತ್ತಾನೆ, ಇಲ್ಲಿನ ದಲ್ಲಾಳಿ ಲಕ್ಷಗಟ್ಟಲೆ ವಸೂಲಿ ಮಾಡುತ್ತಾನೆ. ಹೋದವನು ಬೇರೆಲ್ಲೋ ಕದ್ದು ದುಡಿಯಬೇಕು, ನವೀಕರಿಸುವಾಗ ಮತ್ತೆ ಕಕ್ಕಬೇಕು. ನಮ್ಮ ಕಾನೂನಿನಲ್ಲಿ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ, ರಶೀದಿಯನ್ನೂ ಕೊಡಬೇಕು. ಮೊನ್ನೆ ಒಬ್ಬ ಹುಡುಗನಿಗೆ ಇದನ್ನೇ ಹೇಳಿದೆ.

"ರಶೀದಿ ಕೇಳಿದ್ರೆ ವೀಸಾ ಪಕ್ಕದ್ಮನೆಯವನಿಗೆ ಹೋಗ್ತದೆ ಮಾಷ್ಟ್ರೇ" ಎಂದ.