ಕೋರು ಅರವತ್ತನಾಲ್ಕು, ಬಡಿಸುವವರು ಇಬ್ಬರು

ಕುಂಬಳೆ ಕಡೆಯ ಒಂದು ಕಾಲೇಜಿನಲ್ಲಿ ಹೊಸ ಸರ್ವರಿನ ಮುಚ್ಚಳ ತೆಗೆದು ನೋಡಿದ ದಿನ ಹೊರಗೆ ಆಟಿಯ ಮಳೆ ಸುರಿಯುತ್ತಿತ್ತು. ಕರಾವಳಿಯ ಮಳೆಯನ್ನೇ ಲೆಕ್ಕ ಹಾಕುವ ಹವಾಮಾನ ಮಾದರಿಯೊಂದನ್ನು ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ ಓಡಿಸುತ್ತಿದ್ದಳು. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಿಗೆ ಕೋರು ಎನ್ನುತ್ತಾರೆ. ಹದಿನಾರು ಕೋರು ಕೊಟ್ಟರೂ ಅಷ್ಟೇ ಹೊತ್ತು, ಅರವತ್ತನಾಲ್ಕು ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ತನ್ನ ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಅವಳು ಎರಡು ವಾರ ತಲೆ ಕೆಡಿಸಿಕೊಂಡಿದ್ದಳು. ಮುಚ್ಚಳ ತೆಗೆದಾಗ ಕಾರಣ ಕಣ್ಣೆದುರೇ ಇತ್ತು. ಪ್ರೊಸೆಸರಿನ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಒಟ್ಟು ಎಂಟು ಮೆಮೊರಿ ಸ್ಲಾಟುಗಳು. ತುಂಬಿದ್ದು ಎರಡು ಮಾತ್ರ. ಉಳಿದ ಆರರಲ್ಲಿ ಸಣ್ಣಗೆ ಧೂಳು ಕುಳಿತಿತ್ತು.

ಹಣವೆಲ್ಲ ದೊಡ್ಡ ಪ್ರೊಸೆಸರಿಗೆ ಹೋಗಿತ್ತು. ಮೆಮೊರಿಯನ್ನು ಮುಂದಿನ ವರ್ಷ ನೋಡಿಕೊಳ್ಳೋಣ ಎಂದು ಖರೀದಿ ಸಮಿತಿ ತೀರ್ಮಾನಿಸಿತ್ತು. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಕೋರುಗಳ ಸಂಖ್ಯೆ ದರಪಟ್ಟಿಯ ಮೊದಲ ಸಾಲಿನಲ್ಲಿರುತ್ತದೆ, ಮೆಮೊರಿಯ ದಾರಿ ಎಷ್ಟು ಅಗಲ ಎಂಬುದು ಎಲ್ಲೋ ಕೊನೆಯ ಪುಟದಲ್ಲಿರುತ್ತದೆ.

ನಮ್ಮೂರಿನ ಊಟದ ಹಂತಿಯನ್ನು ನೆನಪಿಸಿಕೊಂಡರೆ ಇದು ಬೇಗ ತಿಳಿಯುತ್ತದೆ. ಕೋರುಗಳು ಉಣ್ಣಲು ಕುಳಿತವರು. ಮೆಮೊರಿ ಎಂದರೆ ಅಡುಗೆಮನೆ, ಅಲ್ಲಿಂದ ಪ್ರೊಸೆಸರಿಗೆ ಬರುವ ದಾರಿಗಳಾದ ಮೆಮೊರಿ ಚಾನೆಲುಗಳು ಬಡಿಸುವವರು; ಆ ಸರ್ವರಿನಲ್ಲಿ ಒಂದೊಂದು ಸ್ಲಾಟಿಗೆ ಒಂದೊಂದು ಚಾನೆಲ್. ಪ್ರೊಸೆಸರಿನೊಳಗಿನ ಕ್ಯಾಷ್ ಎಂದರೆ ಆಗಲೇ ಎಲೆಗೆ ಬಿದ್ದದ್ದು. ಎಲೆಯಲ್ಲಿರುವುದು ಮುಗಿಯುವವರೆಗೆ ಯಾರೂ ಕಾಯಬೇಕಾಗಿಲ್ಲ. ಮುಗಿದ ಮೇಲೆ ಅರವತ್ತನಾಲ್ಕು ಎಲೆಗಳಿಗೆ ಇಬ್ಬರೇ ಬಡಿಸುವವರಿದ್ದರೆ, ಎಷ್ಟು ಚುರುಕಾಗಿ ಉಣ್ಣುವವನೂ ಅನ್ನಕ್ಕಾಗಿ ಕೈ ಕಟ್ಟಿ ಕೂರಬೇಕು. ಹಲವು ಕಂಪ್ಯೂಟರುಗಳನ್ನು ಜೋಡಿಸಿ ಒಂದಾಗಿ ದುಡಿಸುವ ಕ್ಲಸ್ಟರುಗಳ ಚರಿತ್ರೆಯ ಬಹುಪಾಲು ಈ ಬಡಿಸುವ ಕೆಲಸದ ಚರಿತ್ರೆಯೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ದೇಶದಲ್ಲಿ ಈ ಕಥೆ ಶುರುವಾಗುವುದು ಬೆಂಗಳೂರಿನಲ್ಲಿ. 1986ರಲ್ಲಿ ಅಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ಇಂಟೆಲ್ ಪ್ರೊಸೆಸರುಗಳನ್ನು ಜೋಡಿಸಿ ಫ್ಲೋಸಾಲ್ವರ್ ಕಟ್ಟಿದರು. ಗಾಳಿಯ ಹರಿವಿನ ಲೆಕ್ಕಕ್ಕೆ ಒಂದೇ ಯಂತ್ರ ಸಾಲದೆ ಹೋದಾಗ ಹಲವನ್ನು ಒಟ್ಟಿಗೆ ದುಡಿಸುವ ಪ್ರಯತ್ನ ಅದು. ಅಮೆರಿಕದಿಂದ ಬಯಸಿದ ಕ್ರೇ ಸೂಪರ್ ಕಂಪ್ಯೂಟರ್ ಸಿಗದೆ ಹೋದ ಮೇಲೆ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಹುಟ್ಟಿತು, 1991ರಲ್ಲಿ ಅದರ ಸೂಪರ್ ಕಂಪ್ಯೂಟರ್ ಪರಮ್ 8000 ಹೊರಬಂತು. ಅದಕ್ಕೆ ಆರಿಸಿಕೊಂಡದ್ದು ಬ್ರಿಟನ್ನಿನ ಇನ್ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್ಪನ್ನು. ನೆರೆಯ ಚಿಪ್ಪುಗಳ ಜೊತೆ ಮಾತಾಡಲು ಅದರ ಮೈಯಲ್ಲೇ ನಾಲ್ಕು ಕೊಂಡಿಗಳಿದ್ದವು. ಒಂಟಿಯಾಗಿ ಎಷ್ಟು ವೇಗ ಎಂಬುದರ ಜೊತೆಗೆ, ಹತ್ತು ಜನರ ನಡುವೆ ಹೇಗೆ ದುಡಿಯುತ್ತದೆ ಎಂದೂ ಕೇಳಿ ಪ್ರೊಸೆಸರ್ ಆರಿಸುವ ಪಾಠವನ್ನು ನಮ್ಮವರು ಆಗಲೇ ಕಲಿತಿದ್ದರು.

ಸಣ್ಣ ಕಾಲೇಜುಗಳಿಗೆ ಬಾಗಿಲು ತೆರೆದದ್ದು 1994. ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಸೇರಿ ಅಂಗಡಿಯಲ್ಲಿ ಸಿಗುವ 16 ಸಾಮಾನ್ಯ 486 ಪ್ರೊಸೆಸರುಗಳ ಕಂಪ್ಯೂಟರುಗಳನ್ನು ಈಥರ್ನೆಟ್ಟಿನಿಂದ ಜೋಡಿಸಿ, ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿ, ಬೇವುಲ್ಫ್ ಎಂದು ಹೆಸರಿಟ್ಟರು. ಯಂತ್ರಗಳ ನಡುವೆ ಸಂದೇಶ ಕಳಿಸುವ ಎಂಪಿಐ ಎಂಬ ಕ್ರಮವೂ ಅದೇ ವರ್ಷ ನಿಗದಿಯಾಯಿತು. ಆಗ ಇಕ್ಕಟ್ಟಾಗಿದ್ದದ್ದು ನೆಟ್‌ವರ್ಕ್. ಸೆಕೆಂಡಿಗೆ 10 ಮೆಗಾಬಿಟ್ ಸಾಗುವ ಕೇಬಲ್ ಒಂದೇ ಸಾಲದೆಂದು ಒಂದಕ್ಕಿಂತ ಹೆಚ್ಚನ್ನು ಜೊತೆಗೂಡಿಸಿದ್ದರು.

ಪ್ರೊಸೆಸರಿನ ಆಯ್ಕೆ ನಿಜಕ್ಕೂ ಗಂಭೀರ ಪ್ರಶ್ನೆಯಾದದ್ದು 2003ರ ಏಪ್ರಿಲಿನಲ್ಲಿ, ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಆಪ್ಟೆರಾನ್ ಪ್ರೊಸೆಸರ್ ಬಂದಾಗ. ಅಲ್ಲಿಯವರೆಗೆ ಇಂಟೆಲ್ ಜಿಯಾನ್ ಸರ್ವರುಗಳಲ್ಲಿ ಎರಡು ಪ್ರೊಸೆಸರ್ ಹಾಕಿದರೂ ಮೆಮೊರಿಗೆ ಹೋಗುವ ದಾರಿ ಒಂದೇ. ಎರಡೂ ಅದೇ ಓಣಿಯಲ್ಲಿ ನುಗ್ಗಬೇಕು. ಆಪ್ಟೆರಾನ್ ಮಾಡಿದ ದೊಡ್ಡ ಕೆಲಸವೆಂದರೆ ಮೆಮೊರಿಯನ್ನು ನಿಯಂತ್ರಿಸುವ ಭಾಗವನ್ನು ಪ್ರೊಸೆಸರಿನೊಳಗೇ ತಂದದ್ದು. ಪ್ರತಿ ಪ್ರೊಸೆಸರಿಗೂ ತನ್ನದೇ ಕಣಜ. ಪ್ರೊಸೆಸರ್ ಹೆಚ್ಚಿದಂತೆ ದಾರಿಯೂ ಹೆಚ್ಚಿತು. ಜೊತೆಗೆ ಹಳೆಯ 32 ಬಿಟ್ ಪ್ರೋಗ್ರಾಮುಗಳನ್ನು ಓಡಿಸುತ್ತಲೇ ಅದು ಇನ್ನೂ ದೊಡ್ಡ ಮೆಮೊರಿ ಬಳಸಬಲ್ಲ 64 ಬಿಟ್‌ಗೆ ದಾಟಿಸಿತು. ಹವಾಮಾನ, ದ್ರವಗಳ ಹರಿವು ಮುಂತಾದ ಲೆಕ್ಕದವರು ಆಪ್ಟೆರಾನ್ ಕಡೆಗೆ ತಿರುಗಿದ್ದು ಸಹಜವೇ ಆಗಿತ್ತು. ಇಂಟೆಲ್ ಇದೇ ದಾರಿ ಹಿಡಿದದ್ದು 2009ರಲ್ಲಿ, ಜಿಯಾನ್ 5500 ಸರಣಿಯಲ್ಲಿ, ಪ್ರತಿ ಪ್ರೊಸೆಸರಿಗೆ ಮೂರು ಚಾನೆಲ್ ಕೊಟ್ಟು. ನೆರೆಮನೆಯ ಕಣಜದಿಂದ ತರಲು ತನ್ನ ಮನೆಯದಕ್ಕಿಂತ ಹೆಚ್ಚು ಹೊತ್ತು ಬೇಕು ಎಂಬ ತೊಡಕು ಈ ವ್ಯವಸ್ಥೆಯ ಜೊತೆಗೇ ಬಂದು ಇಂದಿಗೂ ಉಳಿದಿದೆ. ಪ್ರೋಗ್ರಾಮಿನ ಪ್ರತಿ ಭಾಗವನ್ನು ಅದರ ದತ್ತಾಂಶವಿರುವ ಕಡೆಯೇ ಕಟ್ಟಿಹಾಕಬೇಕೆಂದು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಿಕೊಡಬೇಕು.

ಈ ನಡುವೆ ಗಿಗಾಹರ್ಟ್ಸ್ ಏರುವುದು ನಿಂತಿತು. ಬಿಸಿ ತಾಳಲಾರದೆ 2004ರ ಹೊತ್ತಿಗೆ ಕಂಪನಿಗಳು ವೇಗದ ಓಟ ಬಿಟ್ಟು ಕೋರುಗಳನ್ನು ಹೆಚ್ಚಿಸತೊಡಗಿದವು. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದರ ಮಿತಿ ತೋರಿಸಿದ್ದರು: ಕೆಲಸದ ನೂರರಲ್ಲಿ ಐದು ಪಾಲು ಹಂಚಲಾಗದ್ದಾದರೆ, 64 ಕೋರು ಸೇರಿದರೂ ವೇಗ ಸುಮಾರು 15 ಪಟ್ಟು ಅಷ್ಟೇ. ಕೋರು ಎಂಬ ಪದವನ್ನೂ ಪೂರ್ತಿ ನಂಬುವಂತಿರಲಿಲ್ಲ. 2011ರ ಆಪ್ಟೆರಾನ್ 6200 ಸರಣಿಯಲ್ಲಿ ಎರಡೆರಡು ಕೋರುಗಳಿಗೆ ದಶಮಾಂಶ ಲೆಕ್ಕದ ಘಟಕ ಒಂದೇ ಇತ್ತು. ಹದಿನಾರು ಕೋರು ಎಂದು ನಂಬಿ ಖರೀದಿಸಿದವರಿಗೆ ವಿಜ್ಞಾನದ ಲೆಕ್ಕಗಳಲ್ಲಿ ಅಷ್ಟು ಬಲ ಸಿಗಲಿಲ್ಲ.

2017ರಲ್ಲಿ ಎಎಂಡಿ ಎಪಿಕ್ ಎಂಬ ಹೊಸ ಸರ್ವರ್ ಪ್ರೊಸೆಸರ್ ತಂದಾಗ 32 ಕೋರಿಗೆ ಎಂಟು ಚಾನೆಲ್ ಕೊಟ್ಟಿತು. ಅದೇ ವರ್ಷದ ಜಿಯಾನ್‌ನಲ್ಲಿ ಆರು ಚಾನೆಲ್ ಇದ್ದವು. 2019ರ ಎಪಿಕ್ 64 ಕೋರಿಗೆ ಏರಿತು, ಚಾನೆಲ್ ಎಂಟೇ ಉಳಿಯಿತು. ಡಿಡಿಆರ್4 ಎಂಬ ತಲೆಮಾರಿನ, 3200 ವೇಗದ ಮೆಮೊರಿಯ ಒಂದು ಚಾನೆಲ್ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಬಲ್ಲದು, ಎಂಟು ಸೇರಿದರೆ 204.8. ಇದನ್ನು 16 ಕೋರುಗಳಿಗೆ ಹಂಚಿದರೆ ತಲಾ 12.8, 64ಕ್ಕೆ ಹಂಚಿದರೆ ತಲಾ 3.2. ಕುಂಬಳೆ ಕಡೆಯ ಆ ಯಂತ್ರದಲ್ಲಿ ಎರಡೇ ಚಾನೆಲ್ ತುಂಬಿದ್ದರಿಂದ ತಲಾ 0.8. 2022ರ ಕೊನೆಗೆ ಬಂದ ಎಪಿಕ್‌ನಲ್ಲಿ ಹನ್ನೆರಡು ಚಾನೆಲ್, ಹೊಸ ಡಿಡಿಆರ್5 ಮೆಮೊರಿ. 96 ಕೋರಿದ್ದರೂ ತಲಾ 4.8 ಸಿಗುತ್ತದೆ.

ಹಾಗೆಂದು ಹೆಚ್ಚು ಕೋರು ಕೊಳ್ಳುವುದೇ ತಪ್ಪು ಎನ್ನಲಾರೆ. ಕಾಸರಗೋಡಿನಲ್ಲಿ ಕಂಪ್ಯೂಟರಿಗೆ ಬೇಕಾದ ಕೆಲಸ ಬೇಕಷ್ಟಿದೆ. 1916ರಲ್ಲಿ ಇಲ್ಲಿ ತೆಂಗು ಸಂಶೋಧನೆಗೆಂದು ಶುರುವಾದ ಕೇಂದ್ರವೇ ಇಂದಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿನ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ಣ ಪಾಠ, ಸುಮಾರು 240 ಕೋಟಿ ಅಕ್ಷರಗಳಷ್ಟು ಉದ್ದ. ಅದರ ಸಾವಿರಾರು ತುಣುಕುಗಳನ್ನು ಬೇರೆ ಜೀನುಗಳೊಂದಿಗೆ ಹೋಲಿಸುವ ಕೆಲಸದಲ್ಲಿ ಒಂದು ತುಣುಕಿಗೆ ಇನ್ನೊಂದರ ಹಂಗಿಲ್ಲ, ಅಲ್ಲಿ ಕೋರು ಹೆಚ್ಚಿದಷ್ಟೂ ಒಳ್ಳೆಯದು. ತುಣುಕುಗಳನ್ನು ಕೂಡಿಸಿ ಇಡೀ ಜೀನೋಮ್ ಕಟ್ಟುವಾಗ ಒಂದೇ ಯಂತ್ರದಲ್ಲಿ ಹೇರಳ ಮೆಮೊರಿ ಬೇಕು, ನಾಲ್ಕು ಸಣ್ಣ ಯಂತ್ರಗಳಿಂದ ಆಗುವ ಕೆಲಸವಲ್ಲ. ಮಳೆಯ ಮಾದರಿಗೆ ಬೇಕಾದದ್ದು ಅಗಲವಾದ ದಾರಿ ಮತ್ತು ದೊಡ್ಡ ಕ್ಯಾಷ್. 2020ರಲ್ಲಿ ಬಂದ ಎಪಿಕ್ 7ಎಫ್52ರಲ್ಲಿ ಕೋರು ಹದಿನಾರೇ, ಕ್ಯಾಷ್ ಮಾತ್ರ 256 ಮೆಗಾಬೈಟ್. ಇಂಥ ಲೆಕ್ಕಗಳಿಗೆಂದೇ ಮಾಡಿದಂತಿದೆ.

ಸಣ್ಣ ಕ್ಲಸ್ಟರಿಗೆ ನಾನು ಸೂಚಿಸುವುದು ಪ್ರೊಸೆಸರಿಗೆ 16ರಿಂದ 32 ಕೋರು, ಎಲ್ಲ ಚಾನೆಲ್ ತುಂಬುವಷ್ಟು ಮೆಮೊರಿ. ಒಂದು ತಲೆಮಾರು ಹಳೆಯದಾದರೂ ಅಡ್ಡಿಯಿಲ್ಲ. ಕೋರಿನ ಲೆಕ್ಕದಲ್ಲಿ ಲೈಸೆನ್ಸ್ ಶುಲ್ಕ ಕೇಳುವ ಸಾಫ್ಟ್‌ವೇರ್ ಇದ್ದರೆ ಇದರಿಂದ ಅಲ್ಲೂ ಉಳಿತಾಯ. ಕರೆಂಟನ್ನೂ ಮರೆಯಬಾರದು. 155 ವಾಟಿನ ಎರಡೆರಡು ಪ್ರೊಸೆಸರ್ ಇರುವ ನಾಲ್ಕು ಯಂತ್ರಗಳು ದಿನವಿಡೀ ದುಡಿದರೆ ಪ್ರೊಸೆಸರಿಗೇ 30 ಯೂನಿಟ್ ಹತ್ತಿರ ಬೇಕು, ಎಸಿ ಬೇರೆ. ಮೇ ತಿಂಗಳ ಗುಡುಗಿಗೆ ನಮ್ಮಲ್ಲಿ ಕರೆಂಟ್ ಹೋಗದ ಸಂಜೆ ಕಡಿಮೆ. ಲೆಕ್ಕವನ್ನು ಗಂಟೆಗೊಮ್ಮೆ ಉಳಿಸಿಡದಿದ್ದರೆ ಮೂರು ದಿನದ ದುಡಿಮೆ ನೀರುಪಾಲು.

ಉಳಿದ ಆರು ಮೆಮೊರಿ ಪಟ್ಟಿಗಳು ಆ ಕಾಲೇಜಿಗೆ ಬಂದದ್ದು ನವರಾತ್ರಿ ಕಳೆದ ಮೇಲೆ. ವಿದ್ಯಾರ್ಥಿನಿಯೇ ಧೂಳು ಒರೆಸಿ, ಒಂದೊಂದನ್ನೂ ಎರಡೂ ತುದಿ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದಳು. ಪ್ರೋಗ್ರಾಮಿನ ಒಂದು ಸಾಲನ್ನೂ ಬದಲಿಸದೆ ಅದೇ ಮಾದರಿಯನ್ನು ಸಂಜೆ ಹಾಕಿ ಹೋದಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನೋಡುವಾಗ ಅದು ಮುಗಿದಿತ್ತು.