ಮೆಣಸು ನಮ್ಮ ಕಾಡಿನದು, ಹೆಸರು ವಿಯೆಟ್ನಾಂಗೆ ಹೋದದ್ದು ಹೇಗೆ?

ಪ್ರಶ್ನೆ: ಕಾಳುಮೆಣಸು, ಏಲಕ್ಕಿ ಎರಡೂ ನಮ್ಮ ಘಟ್ಟದ ಕಾಡಿನಲ್ಲಿ ಹುಟ್ಟಿದವು. ಹಾಗಿದ್ದೂ ಜಗತ್ತಿನ ಪೇಟೆಯಲ್ಲಿ ಮೆಣಸೆಂದರೆ ವಿಯೆಟ್ನಾಂ, ಏಲಕ್ಕಿಯೆಂದರೆ ಗ್ವಾಟೆಮಾಲಾ ಅನ್ನುತ್ತಾರೆ. ಒಂದು ಬೆಳೆಗೆ ಒಂದು ದೇಶದ ಹೆಸರು ಅಂಟಿಕೊಳ್ಳುವುದು ಹೇಗೆ?
– ಶಿರಸಿ ಕಡೆಯ ತೋಟಿಗರೊಬ್ಬರು

ಉತ್ತರ: ಬೆಳೆ ಎಲ್ಲಿ ಹುಟ್ಟಿತು ಅನ್ನುವುದನ್ನು ಪೇಟೆ ಕೇಳುವುದಿಲ್ಲ. ತಾನು ಉಂಡು ಮಿಕ್ಕುವಷ್ಟು ಬೆಳೆದು, ಈ ವರ್ಷ ಕೊಟ್ಟಂಥದೇ ಮಾಲನ್ನು ಬರುವ ವರ್ಷವೂ ಯಾರು ಕೊಡುತ್ತಾರೋ ಹೆಸರು ಅವರದಾಗುತ್ತದೆ. ನಮ್ಮ ಜಿಲ್ಲೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಮೆಣಸಿನ ಹೆಸರು ಒಂದು ಕಾಲಕ್ಕೆ ನಮ್ಮದೇ ಆಗಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೇಲಿನ ಮಾಲು ಕೆಳಗಿಳಿದು ಹೊನ್ನಾವರ, ಭಟ್ಕಳದ ಬಂದರುಗಳಿಂದ ಹಡಗು ಹತ್ತುತ್ತಿತ್ತು. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದಾಗಲೂ ಅವರ ಕಣ್ಣು ಈ ಸೀಮೆಯ ಮೆಣಸಿನ ಮೇಲಿತ್ತು. ಆದರೆ ಕಡೆಗೆ ಹೆಸರು ಉಳಿದದ್ದು ಕೇರಳದ ತಲಚೇರಿ ಬಂದರಿಗೆ. ಇಂದಿಗೂ 4.25 ಮಿಲಿಮೀಟರಿನ ಜರಡಿಯ ಮೇಲೆ ನಿಲ್ಲುವ ದಪ್ಪ ಕಾಳನ್ನು ತಲಚೇರಿ ದರ್ಜೆ ಎಂದೇ ಮಾರುತ್ತಾರೆ. ಸಿದ್ದಾಪುರದ ತೋಟದಲ್ಲಿ ಬೆಳೆದ ಕಾಳು ಆ ಜರಡಿಯಲ್ಲಿ ನಿಂತರೂ ಅದೇ ಹೆಸರು. ನನಗಂತೂ ಇದು ನೋವಿನ ವಿಷಯ. ಬೆಳೆದವರ ಊರು ಅಳಿಸಿಹೋಗಿ, ಹಡಗು ಹತ್ತಿಸಿದ ಊರು ಉಳಿದುಬಿಟ್ಟಿದೆ.

ಇನ್ನು ವಿಯೆಟ್ನಾಂ. ಫ್ರೆಂಚರ ಆಳ್ವಿಕೆಯಲ್ಲೇ ಅಲ್ಲಿ ಮೆಣಸಿನ ತೋಟಗಳಿದ್ದವು, ಆದರೆ ಜಗತ್ತು ಗಮನಿಸುವಷ್ಟು ಅಲ್ಲ. 1986ರ ಆರ್ಥಿಕ ಸುಧಾರಣೆಯ ನಂತರ ಸಣ್ಣ ಸಣ್ಣ ರೈತರು ತಮ್ಮ ಲಾಭಕ್ಕೆ ಬೆಳೆದು ಮಾರುವಂತಾಯಿತು. ಮಧ್ಯ ಭಾಗದ ಎತ್ತರದ ಕೆಂಪು ಮಣ್ಣಿನಲ್ಲಿ ಸಾಲಾಗಿ ಕಂಬ ನೆಟ್ಟು, ಬಳ್ಳಿ ಹಬ್ಬಿಸಿ, ನೀರು ಗೊಬ್ಬರ ಧಾರಾಳವಾಗಿ ಕೊಟ್ಟು ಮೆಣಸನ್ನೇ ಮುಖ್ಯ ಬೆಳೆ ಮಾಡಿಕೊಂಡರು. 21ನೇ ಶತಮಾನದ ಆರಂಭದಲ್ಲೇ ಅದು ಜಗತ್ತಿನ ಅತಿ ದೊಡ್ಡ ಮೆಣಸು ರಫ್ತುದಾರ ದೇಶವಾಯಿತು. ನಮ್ಮಲ್ಲಿ ಮೆಣಸು ಅಡಿಕೆ ಮರಕ್ಕೆ ಹಬ್ಬಿಸಿದ ಉಪಬೆಳೆ. ಸೊರಗು ರೋಗ ಬಂದು ಬಳ್ಳಿ ಹೋದರೂ ಅಡಿಕೆ ಇದೆಯಲ್ಲ ಎಂಬ ಧೈರ್ಯ ನಮಗೆ. ಆ ಧೈರ್ಯ ಮನೆಯನ್ನು ಉಳಿಸಿದೆ, ನಿಜ. ಆದರೆ ಎಕರೆ ಲೆಕ್ಕದ ಇಳುವರಿಯಲ್ಲಿ ಅವರು ನಮಗಿಂತ ಹಲವು ಪಟ್ಟು ಮುಂದೆ ಹೋದರು.

ಇನ್ನೊಂದು ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಸಾರು, ಕಷಾಯ, ಪೊಂಗಲ್, ಮಸಾಲೆಪುಡಿ ಎಂದು ಬೆಳೆದ ಮೆಣಸಿನ ಬಹುಪಾಲನ್ನು ದೇಶವೇ ತಿಂದು ಮುಗಿಸುತ್ತದೆ. ಸಾಲದ್ದಕ್ಕೆ ವಿಯೆಟ್ನಾಂ, ಶ್ರೀಲಂಕಾಗಳಿಂದ ತರಿಸಿಕೊಳ್ಳುವುದೂ ಉಂಟು. ವಿಯೆಟ್ನಾಂನವರು ಬೆಳೆದದ್ದರಲ್ಲಿ ಅಲ್ಪಸ್ವಲ್ಪ ಬಿಟ್ಟು ಎಲ್ಲವನ್ನೂ ಹೊರಗೆ ಕಳಿಸುತ್ತಾರೆ.

ಗ್ವಾಟೆಮಾಲಾದ ಕಥೆ ಇನ್ನೂ ವಿಚಿತ್ರ. 1914ರ ಸುಮಾರಿಗೆ ಜರ್ಮನ್ ಕಾಫಿ ಬೆಳೆಗಾರನೊಬ್ಬ ಅಲ್ಲಿಗೆ ಏಲಕ್ಕಿ ಒಯ್ದ. ಆಲ್ಟಾ ವೆರಾಪಾಜ್ ಪ್ರಾಂತದ ಮಂಜು ಮುಸುಕಿದ ಬೆಟ್ಟಗಳು ಅದಕ್ಕೆ ಒಗ್ಗಿದವು. ಅಲ್ಲಿನವರ ಅಡುಗೆಗೆ ಏಲಕ್ಕಿ ಬೇಕಿಲ್ಲ. ಅರಬ್ ದೇಶಗಳ ಕಾಫಿಗೆ ಬೇಕು. ಹಾಗಾಗಿ ಬೆಳೆದದ್ದೆಲ್ಲ ಮಾರಾಟಕ್ಕೇ. ಇತ್ತ ನಮ್ಮ ಅಡಿಕೆ ತೋಟಗಳ ಏಲಕ್ಕಿ ಕಟ್ಟೆ ರೋಗಕ್ಕೆ ಸಿಕ್ಕಿ ಸೊರಗುತ್ತಾ ಬಂತು.

ಕೆಲವೊಮ್ಮೆ ಆಪತ್ತೇ ಹೆಸರು ತರುತ್ತದೆ. ಶ್ರೀಲಂಕಾ ಮೊದಲು ಕಾಫಿ ನಾಡಾಗಿತ್ತು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನು ನುಂಗಿದ ಮೇಲೆ ತೋಟಗಳು ಚಹಾಕ್ಕೆ ತಿರುಗಿದವು. 1972ರಲ್ಲಿ ದೇಶ ಸಿಲೋನ್ ಎಂಬ ಹೆಸರು ಬಿಟ್ಟರೂ ಅಲ್ಲಿನ ಚಹಾ ಆ ಹೆಸರನ್ನು ಬಿಡಲಿಲ್ಲ, ಪೇಟೆಯಲ್ಲಿ ಅದು ಅಷ್ಟು ಗಟ್ಟಿಯಾಗಿ ಕೂತಿತ್ತು. ಚೀನಾದ ಹಣ್ಣೊಂದರ ಬೀಜ 1904ರಲ್ಲಿ ನ್ಯೂಜಿಲೆಂಡ್ ಸೇರಿ, 1959ರಲ್ಲಿ ಕಿವಿಹಣ್ಣು ಎಂದು ಹೊಸದಾಗಿ ನಾಮಕರಣಗೊಂಡದ್ದೂ ಇದೇ ಜಾತಿಯ ಕಥೆ.

ಹೆಸರಿಗೆ ಬೆಲೆಯನ್ನೂ ತೆರಬೇಕಾಗುತ್ತದೆ, ಇದನ್ನು ಮರೆಯಬಾರದು. 2015ರ ಸುಮಾರಿಗೆ ಮೆಣಸಿನ ದರ ತುದಿಗೇರಿದಾಗ ವಿಯೆಟ್ನಾಂ ರೈತರು ಸಾಲ ಮಾಡಿ ಇನ್ನಷ್ಟು ಬಳ್ಳಿ ನೆಟ್ಟರು. ಮುಂದಿನ ವರ್ಷಗಳಲ್ಲಿ ದರ ಬಿತ್ತು, ರೋಗವೂ ಬಂತು. ಎಷ್ಟೋ ಮಂದಿ ಮೆಣಸು ಕಿತ್ತು ಕಾಫಿ, ದುರಿಯನ್ ಹಾಕಿದರು. ನಮ್ಮ ಮಿಶ್ರ ತೋಟ ಇಂಥ ಹೊಡೆತವನ್ನು ತಡೆದುಕೊಳ್ಳುತ್ತದೆ. ಅದನ್ನು ಕೆಡವಿ ಕಂಬದ ಸಾಲು ನೆಡಿ ಎಂದು ನಾನು ಯಾರಿಗೂ ಹೇಳಲಾರೆ.

ಹಾಗಾದರೆ ನಮಗೇನು ದಾರಿ? ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕ, ಮಾನ್ಯತೆ ಸಿಕ್ಕಿದೆ. ಒಳ್ಳೆಯದೇ. ಆದರೆ ಜಿಐ ಬೇರೆಯವರು ನಮ್ಮ ಹೆಸರು ಬಳಸದಂತೆ ತಡೆಯುತ್ತದೆ, ಗಿರಾಕಿಯನ್ನು ಕರೆತರುವುದಿಲ್ಲ. ಇಶಾಡದ ಸುಗ್ಗಿ ಕೆಲವೇ ವಾರಗಳದು. ಅಡಿಕೆಗೆ ಗಿರಾಕಿಗಳು ಹೆಚ್ಚಾಗಿ ದೇಶದೊಳಗೇ ಇದ್ದಾರೆ. ಹೊರಗೆ ಹೆಸರು ಮಾಡುವ ಕಸು ಇರುವುದು ಮೆಣಸಿಗೇ.

ಹೊರದೇಶದ ಖರೀದಿದಾರ ಕೇಳುವುದು ಒಂದು ಲೀಟರ್ ಅಳತೆಯ ಕಾಳು 500 ಗ್ರಾಂ ತೂಗುತ್ತದೆಯೋ 550 ತೂಗುತ್ತದೆಯೋ, ತೇವ ಎಷ್ಟು, ಸಿಂಪಡಿಸಿದ ಔಷಧಿಯ ಅಂಶ ಉಳಿದಿದೆಯೇ ಎಂದು. ಇಂದು ಹತ್ತು ತೋಟದ ಹತ್ತು ತರದ ಕಾಳು ವ್ಯಾಪಾರಿಯ ಕೈಯಲ್ಲಿ ಒಂದೇ ರಾಶಿಯಾಗುತ್ತದೆ. ಒಂದು ಊರಿನ ತೋಟಿಗರು ಒಂದೇ ಹದದಲ್ಲಿ ಕೊಯ್ದು, ಸ್ವಚ್ಛ ಅಂಗಳದಲ್ಲಿ ಒಣಗಿಸಿ, ಜರಡಿ ಹಿಡಿದು, ಮೂಟೆಯ ಮೇಲೆ ಊರ ಹೆಸರು ಬರೆಸಲಿ. ನಮ್ಮ ಸಹಕಾರಿ ಸಂಘಗಳು ಅಡಿಕೆಯನ್ನು ರಾಶಿ, ಚಾಲಿ, ಬೆಟ್ಟೆ ಎಂದು ಬೇರ್ಪಡಿಸಿ ಟೆಂಡರಿಗಿಡುವುದರಲ್ಲಿ ಪಳಗಿವೆ. ಮೆಣಸಿಗೂ ಅದೇ ಶ್ರದ್ಧೆ ಕೊಡಲು ಬೇಕಾದ ಅಂಗಳ, ತಕ್ಕಡಿ, ಲೆಕ್ಕದ ಪುಸ್ತಕ ಎಲ್ಲವೂ ಅಲ್ಲಿ ಇವೆ.