ಪೀಠ ಸ್ಥಳಾಂತರವಾದಾಗ: ಮಧ್ಯಯುಗದ ಇಂಗ್ಲೆಂಡಿನ ಧರ್ಮಪ್ರಾಂತ್ಯಗಳು

ಒಬ್ಬ ಬಿಷಪ್ಪರ ಅಧಿಕಾರಕ್ಕೆ ಒಳಪಟ್ಟ ಪ್ರದೇಶವು ಧರ್ಮಪ್ರಾಂತ್ಯ. ಅವರ ಪೀಠವನ್ನು ಇರಿಸಿರುವ ಚರ್ಚು ಆ ಪ್ರಾಂತ್ಯದ ಕೆಥೆಡ್ರಲ್. ಈ ಸ್ಥಾನಕ್ಕೂ ಕಟ್ಟಡದ ಗಾತ್ರಕ್ಕೂ ಸಂಬಂಧವಿಲ್ಲವೆಂಬುದನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು. ರಾಜರ ಪಟ್ಟಾಭಿಷೇಕ ನಡೆಯುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಮಠದ ಚರ್ಚು ಕೂಡ ಮಧ್ಯಯುಗದಲ್ಲಿ ಕೆಥೆಡ್ರಲ್ ಆಗಿರಲಿಲ್ಲ, ಏಕೆಂದರೆ ಅಲ್ಲಿ ಬಿಷಪ್ಪರ ಪೀಠವಿರಲಿಲ್ಲ.

ಉತ್ತರ ಫ್ರಾನ್ಸಿನ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದಾಗ ಅಲ್ಲಿನ ಕೆಲವು ಪೀಠಗಳು ಸಣ್ಣ ಊರುಗಳಲ್ಲಿದ್ದವು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ 1075ರಲ್ಲಿ ಲಂಡನ್ನಿನಲ್ಲಿ ನಡೆಸಿದ ಸಭೆಯು ಶೆರ್ಬೋರ್ನ್, ಸೆಲ್ಸಿ ಮತ್ತು ಲಿಚ್‌ಫೀಲ್ಡ್ ಪೀಠಗಳನ್ನು ಕ್ರಮವಾಗಿ ಸೇರಮ್ (ಹಳೆಯ ಸಾಲ್ಸ್‌ಬರಿ), ಚಿಚೆಸ್ಟರ್ ಮತ್ತು ಚೆಸ್ಟರ್‌ಗೆ ವರ್ಗಾಯಿಸಲು ಒಪ್ಪಿತು. ಅದಕ್ಕೂ ಮೊದಲೇ, ಥೇಮ್ಸ್ ದಡದ ಡಾರ್ಚೆಸ್ಟರ್‌ನಲ್ಲಿದ್ದ ಪೀಠವನ್ನು ಬಿಷಪ್ ರೆಮಿಜಿಯಸ್ ಲಿಂಕನ್‌ಗೆ ಒಯ್ದಿದ್ದರು. ಥೇಮ್ಸ್‌ನಿಂದ ಉತ್ತರದ ಹಂಬರ್ ನದೀಮುಖದವರೆಗೆ ಹಬ್ಬಿದ್ದ ಆ ವಿಶಾಲ ಪ್ರಾಂತ್ಯಕ್ಕೆ ಡಾರ್ಚೆಸ್ಟರ್ ದಕ್ಷಿಣದ ಅಂಚಾಗಿದ್ದರೆ ಲಿಂಕನ್ ಉತ್ತರಕ್ಕೆ ಸರಿದಿತ್ತು. ಆದರೆ ಲಿಂಕನ್‌ನಲ್ಲಿ 1068ರಲ್ಲಿ ಕಟ್ಟಿದ ರಾಜನ ಕೋಟೆಯಿತ್ತು. ಭಕ್ತರ ಅನುಕೂಲಕ್ಕಿಂತ ರಾಜಾಧಿಕಾರದ ಸಾಮೀಪ್ಯವೇ ಇಲ್ಲಿ ಹೆಚ್ಚು ತೂಗಿತೆಂದು ನನಗೆ ಅನ್ನಿಸುತ್ತದೆ.

ಆ ಸಾಮೀಪ್ಯವೇ ಮುಂದೆ ತೊಡಕಾದದ್ದನ್ನು ಸೇರಮ್‌ನಲ್ಲಿ ಕಾಣಬಹುದು. ಪ್ರಾಚೀನ ಗುಡ್ಡಕೋಟೆಯೊಂದರ ಮಣ್ಣಿನ ದಿಬ್ಬಗಳ ಒಳಗೇ ರಾಜನ ಕೋಟೆಯೂ 1092ರಲ್ಲಿ ಪ್ರತಿಷ್ಠೆಗೊಂಡ ಕೆಥೆಡ್ರಲ್ಲೂ ಒತ್ತೊತ್ತಾಗಿ ನಿಂತಿದ್ದವು. ಗುಡ್ಡದ ಮೇಲೆ ನೀರಿಗೆ ಬರ, ಗಾಳಿಯ ಅಬ್ಬರಕ್ಕೆ ಪ್ರಾರ್ಥನೆಯ ವೇಳೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳದು, ಕೋಟೆಯವರ ಅನುಮತಿಯಿಲ್ಲದೆ ಓಡಾಡುವುದೂ ಕಷ್ಟ ಎಂದು ಪಾದ್ರಿಗಳು ಪೋಪರಲ್ಲಿ ದೂರಿಕೊಂಡರು. ಪೋಪ್ ಮೂರನೆಯ ಹೊನೋರಿಯಸ್ ಒಪ್ಪಿಗೆ ನೀಡಿದ ಮೇಲೆ, 1220ರಲ್ಲಿ ಬಿಷಪ್ ರಿಚರ್ಡ್ ಪೂರ್ ಅವರ ಕಾಲದಲ್ಲಿ ಸುಮಾರು ಮೂರು ಕಿಲೋಮೀಟರ್ ದೂರದ ನದೀತೀರದ ಬಯಲಿನಲ್ಲಿ ಅಡಿಗಲ್ಲು ಬಿದ್ದಿತು; ಇಂದಿನ ಸಾಲ್ಸ್‌ಬರಿ ಕೆಥೆಡ್ರಲ್ 1258ರಲ್ಲಿ ಪ್ರತಿಷ್ಠೆಗೊಂಡಿತು. ಹಳೆಯ ಕೆಥೆಡ್ರಲ್ಲಿನ ಕೆತ್ತನೆಯ ಕಲ್ಲುಗಳನ್ನು ಹೊಸದರ ಆವರಣದ ಗೋಡೆಯಲ್ಲಿ ಈಗಲೂ ಗುರುತಿಸಬಹುದು. ಇಷ್ಟೆಲ್ಲ ನಡೆದರೂ ಧರ್ಮಪ್ರಾಂತ್ಯ ಮಾತ್ರ ಅದೇ ಆಗಿತ್ತು.

ಎಲ್ಲ ವರ್ಗಾವಣೆಗಳೂ ಹೀಗೆ ಇತ್ಯರ್ಥವಾಗಲಿಲ್ಲ. ವೆಲ್ಸ್ ಎಂಬ ಊರಿನ ಪೀಠವನ್ನು ಬಿಷಪ್ ಜಾನ್ 1090ರ ಸುಮಾರಿಗೆ ಬಾತ್‌ಗೆ ಒಯ್ದರು. ಆದರೂ ವೆಲ್ಸ್‌ನ ಪಾದ್ರಿಮಂಡಳಿ ತನ್ನ ಹಕ್ಕನ್ನು ಬಿಟ್ಟುಕೊಡಲಿಲ್ಲ. ಕೊನೆಗೆ 1245ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟ್ ಅವರ ತೀರ್ಮಾನದಂತೆ ಬಿಷಪ್ಪರ ಬಿರುದು ‘ಬಾತ್ ಮತ್ತು ವೆಲ್ಸ್’ ಎಂದಾಯಿತು. ಆಮೇಲಿನ ಬಿಷಪ್ಪರ ಆಯ್ಕೆಯಲ್ಲಿ ಬಾತ್‌ನ ಸನ್ಯಾಸಿಗಳೂ ವೆಲ್ಸ್‌ನ ಪಾದ್ರಿಗಳೂ ಕೂಡಿ ಮತ ಹಾಕಬೇಕಾಯಿತು.